ಹೋವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ: ಕೊಟ್ಟು ಕಿತ್ತುಕೊಂಡ ಪ್ರಶಸ್ತಿ, ಮತ್ತೆ ಗೆದ್ದ ಪ್ರಶಸ್ತಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಹೋವರ್ಡ್ ವಿಶ್ವವಿದ್ಯಾಲಯವಿದೆ. ಬಾಸ್ಟನ್ ಬಳಿಯ ಹಾರ್ವರ್ಡ್ ಬೇರೆ, ಇದು ಬೇರೆ. ಕಮಲಾ ಹ್ಯಾರಿಸ್ ಪದವಿ ಪಡೆದದ್ದು ಇಲ್ಲಿ. ಗುಲಾಮಗಿರಿ ರದ್ದಾದ ಮೇಲೆ, 1867ರಲ್ಲಿ, ಮುಖ್ಯವಾಗಿ ಕಪ್ಪು ಜನರ ಓದಿಗೆಂದು ಕಟ್ಟಿದ ಸಂಸ್ಥೆ. ಇದರ ಪುರುಷರ ಫುಟ್‌ಬಾಲ್ ತಂಡ 1970ರ ದಶಕದ ಮೊದಲ ಭಾಗದಲ್ಲಿ ಆಡಿದ ಆಟ, ಆ ತಂಡಕ್ಕೆ ಆದ ಅನ್ಯಾಯ, ಅದು ಕೊಟ್ಟ ಉತ್ತರ, ಇವು ಇವತ್ತಿನ ವಿಷಯ.

ಆ ಕಾಲದಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. ಕಾಲೇಜು ಕ್ರೀಡೆಗಳ ಆಡಳಿತ ನಡೆಸುವ ಎನ್‌ಸಿಎಎ ಈ ಆಟಕ್ಕೆ ರಾಷ್ಟ್ರೀಯ ಟೂರ್ನಿ ಆರಂಭಿಸಿದ್ದು 1959ರಲ್ಲಿ. ಮೊದಲ ವರ್ಷವೇ ಗೆದ್ದ ಸೇಂಟ್ ಲೂಯಿಸ್, 1973ರ ಹೊತ್ತಿಗೆ ಹತ್ತು ಬಾರಿ ಚಾಂಪಿಯನ್ ಆಗಿತ್ತು. ಅದರಲ್ಲಿ ಒಂದು ಮಾತ್ರ ಹಂಚಿಕೊಂಡದ್ದು: 1967ರ ಫೈನಲ್ ಕೆಟ್ಟ ಹವೆಯಿಂದ ನಿಂತುಹೋಗಿ, ಮಿಷಿಗನ್ ಸ್ಟೇಟ್ ಜೊತೆ ಪಾಲಾಯಿತು. ಅವರ ಆಟಗಾರರಲ್ಲಿ ಹೆಚ್ಚಿನವರು ಅದೇ ಊರಿನ ಚರ್ಚ್ ಲೀಗ್‌ಗಳಲ್ಲಿ ಚಿಕ್ಕಂದಿನಿಂದ ಒಟ್ಟಿಗೆ ಆಡಿ ಬೆಳೆದ ಹುಡುಗರು. ಕೋಚ್ ಹ್ಯಾರಿ ಕಿಯೋ, 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1-0ಯಿಂದ ಮಣಿಸಿದ ಅಮೆರಿಕ ತಂಡದಲ್ಲಿದ್ದವರು.

ಹೋವರ್ಡ್‌ನ ಬಲ ಬೇರೆ ಕಡೆಯಿಂದ ಬಂತು. ಕೆರಿಬಿಯನ್ ದ್ವೀಪಗಳಿಂದಲೂ ಆಫ್ರಿಕಾದಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬರುವುದು ಹಳೆಯ ರೂಢಿ. ಟ್ರಿನಿಡಾಡ್‌ನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಹಿಂದೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು. ಬ್ರಿಟಿಷ್ ವಸಾಹತುಗಳಲ್ಲಿ ಬೆಳೆದ ಈ ಹುಡುಗರಿಗೆ ಫುಟ್‌ಬಾಲ್ ಶಾಲೆಯ ಅಂಗಳದಲ್ಲೇ ಮೈಗೂಡಿತ್ತು. 1970ರಲ್ಲಿ ಕೋಚ್ ಆಗಿ ಬಂದ ಲಿಂಕನ್ ಫಿಲಿಪ್ಸ್ ಕೂಡ ಟ್ರಿನಿಡಾಡ್‌ನವರೇ, ಆ ದೇಶದ ಗೋಲ್‌ಕೀಪರ್ ಆಗಿದ್ದವರು. ಮರುವರ್ಷವೇ, 1971ರ ಡಿಸೆಂಬರ್‌ನಲ್ಲಿ, ಮಯಾಮಿಯ ಆರೆಂಜ್ ಬೌಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಹೋವರ್ಡ್ 3-2ರಿಂದ ಸೇಂಟ್ ಲೂಯಿಸನ್ನು ಸೋಲಿಸಿತು.

ಆ ಪ್ರಶಸ್ತಿ ಉಳಿಯಲಿಲ್ಲ. ಕೆಲವು ಆಟಗಾರರಿಗೆ ಆಡುವ ಅರ್ಹತೆಯೇ ಇರಲಿಲ್ಲ ಎಂದು ಎನ್‌ಸಿಎಎ ಅದನ್ನು ವಾಪಸ್ ತೆಗೆದುಕೊಂಡಿತು. 1973ರ ರಾಷ್ಟ್ರೀಯ ಟೂರ್ನಿಗೂ ತಂಡವನ್ನು ಸೇರಿಸಲಿಲ್ಲ. ಯಾವ ನಿಯಮ ಮುರಿದಿದ್ದರು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕಥೆ ನಿಂತಿರುವುದೇ ಇದರ ಮೇಲೆ.

ಒಂದು, 1.600 ನಿಯಮ. ನಾಲ್ಕು ಅಂಕದ ಮಾಪನದಲ್ಲಿ ಹೊಸ ವಿದ್ಯಾರ್ಥಿ ಕನಿಷ್ಠ 1.600 ಸರಾಸರಿ ತೆಗೆಯುತ್ತಾನೆ ಎಂಬ ಅಂದಾಜು ಮೊದಲೇ ಸಿಗಬೇಕು. ಆ ಅಂದಾಜು ಮಾಡುವುದು ಹೈಸ್ಕೂಲಿನ ಅಂಕಗಳನ್ನೂ ಎಸ್‌ಎಟಿ ಅಥವಾ ಎಸಿಟಿ ಪ್ರವೇಶ ಪರೀಕ್ಷೆಯ ಅಂಕಗಳನ್ನೂ ಕೋಷ್ಟಕಕ್ಕೆ ಹಾಕಿ. ಟ್ರಿನಿಡಾಡ್‌ನ ಹುಡುಗ ಓದಿದ್ದು ಬ್ರಿಟಿಷ್ ಪದ್ಧತಿಯಲ್ಲಿ, ಅಮೆರಿಕದ ಆ ಪರೀಕ್ಷೆ ಬರೆದೇ ಇರುವುದಿಲ್ಲ. ಕಾಲೇಜಿಗೆ ಬಂದ ಮೇಲೆ ಎಷ್ಟು ಚೆನ್ನಾಗಿ ಓದಿದರೂ ಲೆಕ್ಕಕ್ಕಿಲ್ಲ, ಮೊದಲಿನ ಅಂದಾಜು ಇಲ್ಲದಿದ್ದರೆ ಅನರ್ಹ. ಈ ನಿಯಮವನ್ನು 1973ರಲ್ಲಿ ಎನ್‌ಸಿಎಎ ತಾನೇ ಕೈಬಿಟ್ಟಿತು.

ಎರಡು, ವಿದೇಶಿ ವಿದ್ಯಾರ್ಥಿಗಳ ನಿಯಮ. ಹತ್ತೊಂಬತ್ತು ತುಂಬಿದ ಮೇಲೆ ಹೊರದೇಶದಲ್ಲಿ ಯಾವುದಾದರೂ ತಂಡಕ್ಕೆ ಆಡಿದ್ದರೆ, ಹಾಗೆ ಆಡಿದ ಪ್ರತಿ ವರ್ಷಕ್ಕೂ ಕಾಲೇಜಿನಲ್ಲಿ ಆಡುವ ಒಂದೊಂದು ವರ್ಷ ಕಡಿತ. ಊರಿನ ಹವ್ಯಾಸಿ ಕ್ಲಬ್ಬಿಗೆ ಮೂರು ವರ್ಷ ಆಡಿ, ಇಪ್ಪತ್ತೆರಡಕ್ಕೆ ಕಾಲೇಜು ಸೇರಿದವನ ಮೂರು ವರ್ಷ ಹೋದಂತೆಯೇ. ಅಮೆರಿಕದ ಹುಡುಗ ತನ್ನ ಊರಿನ ಕ್ಲಬ್ಬಿಗೆ ಅಷ್ಟೇ ವರ್ಷ ಆಡಿದ್ದರೂ ಅವನಿಗೆ ಇಂಥ ಕಡಿತವಿಲ್ಲ. ಕಡುಬಡವರ ಮಕ್ಕಳು ಕೆಲಸ ಮಾಡಿ, ದುಡ್ಡು ಕೂಡಿಸಿ, ತಡವಾಗಿ ಕಾಲೇಜಿಗೆ ಬರುವುದು ಎಲ್ಲ ಕಡೆಯೂ ಉಂಟು. ಆ ತಡವನ್ನೇ ತಪ್ಪೆಂದು ಎಣಿಸಿದ ನಿಯಮ ಇದು. ಇವೆರಡರ ಜೊತೆಗೆ, ಯಾವುದೇ ಕಾಲೇಜಿಗೆ ಮೊದಲು ಸೇರಿದ ದಿನದಿಂದ ಐದು ವರ್ಷದೊಳಗೆ ಆಟ ಮುಗಿಸಬೇಕೆಂಬ ಮೂರನೆಯ ನಿಯಮವೂ ಇತ್ತು.

ಹೋವರ್ಡ್ ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋಯಿತು. ವಿದೇಶಿ ವಿದ್ಯಾರ್ಥಿಗಳ ನಿಯಮ ಸಂವಿಧಾನದ ಸಮಾನ ರಕ್ಷಣೆಯ ತತ್ವಕ್ಕೆ ವಿರುದ್ಧ ಎಂದು ಫೆಡರಲ್ ನ್ಯಾಯಾಲಯ ಹೇಳಿತು. 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ವಯಸ್ಸಾದ, ಪಳಗಿದ ಆಟಗಾರರು ಬಂದು ಕಾಲೇಜು ಟೂರ್ನಿಯನ್ನು ಆಳದಂತೆ ತಡೆಯುವುದು ಉದ್ದೇಶವಾದರೆ, ಆ ತಡೆ ದೇಶದೊಳಗಿನವರಿಗೂ ಇರಬೇಕಲ್ಲವೇ! ಆದರೆ 1.600 ನಿಯಮವನ್ನೂ ಐದು ವರ್ಷದ ನಿಯಮವನ್ನೂ ನ್ಯಾಯಾಲಯ ಒಪ್ಪಿತು. ಹಾಗಾಗಿ ಶಿಕ್ಷೆಗೆ ಆಧಾರ ಉಳಿಯಿತು, 1971ರ ಪ್ರಶಸ್ತಿ ಮರಳಲಿಲ್ಲ. ಸೇಂಟ್ ಲೂಯಿಸ್‌ಗೂ ಅದನ್ನು ಕೊಡಲಿಲ್ಲ. ಅಧಿಕೃತ ಪಟ್ಟಿಯಲ್ಲಿ ಆ ವರ್ಷಕ್ಕೆ ಚಾಂಪಿಯನ್ ಇಲ್ಲ. ಅದನ್ನು ಹೋವರ್ಡ್‌ಗೆ ಹಿಂತಿರುಗಿಸಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎದುರಾಳಿಗೆ ಮೋಸ ಮಾಡಿದ ಆಪಾದನೆ ಆ ಆಟಗಾರರ ಮೇಲಿರಲಿಲ್ಲ. ತಾವು ಹುಟ್ಟಿ ಓದಿದ ಕಡೆ ಇಲ್ಲದೇ ಇದ್ದ ಪರೀಕ್ಷೆಯ ಲೆಕ್ಕದಲ್ಲಿ ಅವರು ಸಿಕ್ಕಿಬಿದ್ದರು.

ಮೇಲ್ಮನವಿಯ ತೀರ್ಪಿಗೆ ಮೊದಲೇ ಮೈದಾನದಲ್ಲಿ ಉತ್ತರ ಬಂದಿತ್ತು. ಅದು 1974ರ ಋತು. ಟ್ರಿನಿಡಾಡ್, ಜಮೈಕಾ, ನೈಜೀರಿಯಾ, ಗಿನಿ ದೇಶಗಳ ಆಟಗಾರರಿದ್ದ ಆ ತಂಡ 19 ಪಂದ್ಯ ಆಡಿ 19ನ್ನೂ ಗೆದ್ದಿತು. ಹೊಡೆದ ಗೋಲು 63, ಬಿಟ್ಟುಕೊಟ್ಟದ್ದು ಬರೀ ಆರು. ಮೂರು ಪಂದ್ಯಕ್ಕೆ ಒಂದು ಗೋಲಿನ ಲೆಕ್ಕವೂ ಬೀಳುವುದಿಲ್ಲ. ಕೋಚ್ ಸ್ವತಃ ಗೋಲ್‌ಕೀಪರ್ ಆಗಿದ್ದವರು ಎನ್ನುವುದನ್ನು ಇಲ್ಲಿ ನೆನೆಯಬೇಕು.

ಫೈನಲ್‌ಗೆ ಸಿಕ್ಕ ಎದುರಾಳಿ ಮತ್ತೆ ಸೇಂಟ್ ಲೂಯಿಸ್, ಅದೂ ಅವರದೇ ಊರಿನ ಬುಷ್ ಸ್ಟೇಡಿಯಂನಲ್ಲಿ. ಅದು ಬೇಸ್‌ಬಾಲ್ ಮೈದಾನ, ಹಾಸಿದ್ದು ಕೃತಕ ಹುಲ್ಲು. ಇಂಥ ನೆಲದಲ್ಲಿ ಚೆಂಡು ಸಹಜ ಹುಲ್ಲಿಗಿಂತ ಎತ್ತರ ಪುಟಿಯುತ್ತದೆ, ವೇಗವಾಗಿ ಜಾರುತ್ತದೆ. ಪಾಸ್ ಸ್ವಲ್ಪ ಬಿರುಸಾದರೂ ಗೆರೆ ದಾಟಿಬಿಡುತ್ತದೆ, ಜಾರಿ ಬಿದ್ದರೆ ಚರ್ಮ ಸುಲಿಯುತ್ತದೆ. ಜಮೈಕಾದ ರಿಚರ್ಡ್ ಡೇವಿ ಹೋವರ್ಡ್ ಪರ ಒಂದು ಗೋಲು ಹೊಡೆದರು. ನಿಗದಿತ ಸಮಯ ಮುಗಿದಾಗ 1-1. ಒಂದು ಹೆಚ್ಚುವರಿ ಅವಧಿ, ಎರಡು, ಮೂರು, ಗೋಲೇ ಇಲ್ಲ. ನಾಲ್ಕನೆಯದರಲ್ಲಿ ನೈಜೀರಿಯಾದ ಕೆನೆತ್ ಇಲೊಡಿಗ್ವೆ ಚೆಂಡನ್ನು ಬಲೆಗೆ ಸೇರಿಸಿದರು. ಹೋವರ್ಡ್ 2, ಸೇಂಟ್ ಲೂಯಿಸ್ 1. ಕಪ್ಪು ಜನರಿಗೆಂದು ಹುಟ್ಟಿದ ವಿಶ್ವವಿದ್ಯಾಲಯವೊಂದು ಎನ್‌ಸಿಎಎ ಮೊದಲ ದರ್ಜೆಯಲ್ಲಿ ತಂಡದ ಪ್ರಶಸ್ತಿ ಗೆದ್ದು ಉಳಿಸಿಕೊಂಡದ್ದು ಇದೇ ಮೊದಲು, ಯಾವ ಕ್ರೀಡೆಯಲ್ಲಿ ನೋಡಿದರೂ.

ಫಿಲಿಪ್ಸ್ 1980ರವರೆಗೆ ಕೋಚ್ ಆಗಿದ್ದರು. ಆಮೇಲೆ ಕೀತ್ ಟಕರ್ ಅವರ ಕೈಯಲ್ಲಿ ತಂಡ 1988ರಲ್ಲಿ ಮತ್ತೆ ಫೈನಲ್ ತಲುಪಿತು. ಎದುರಾಳಿ ಇಂಡಿಯಾನ ವಿಶ್ವವಿದ್ಯಾಲಯ, ಪಂದ್ಯ ಅವರದೇ ಊರಾದ ಬ್ಲೂಮಿಂಗ್ಟನ್‌ನಲ್ಲಿ, ಫಲಿತಾಂಶ 1-0. ಆ ಸೋಲಿನ ನಂತರ ಹೋವರ್ಡ್ ತಂಡ ಫೈನಲ್ ಕಂಡಿಲ್ಲ.

ನಮಸ್ಕಾರ.