ಸಿನಿಮಾ ತೋರ್ಸಿ, ಭಾಷಣ ಬಿಡಿ: ಕ್ಯಾಥೋಲಿಕ್ ಯೂತ್ ಜೊತೆ ಸಿನಿಮಾ ನೋಡೋ ದಾರಿ

(ಕ್ಯಾಮೆರಾ ನೇರ ಮುಖದ ಮೇಲೆ, ಮ್ಯೂಸಿಕ್ ಬೇಡ)

ಎಲ್ರಿಗೂ ನಮಸ್ಕಾರ. ಯೂತ್ ಗ್ರೂಪ್ ನಡೆಸೋರು, ಕ್ಯಾಟೆಕಿಸಂ ಅಂದ್ರೆ ಧರ್ಮೋಪದೇಶದ ಕ್ಲಾಸ್ ತಗೊಳ್ಳೋರು, ಫಾದರ್‌ಗಳು, ಸಿಸ್ಟರ್‌ಗಳು, ಮನೇಲಿ ಹದಿನಾರು ಹದಿನೇಳು ವಯಸ್ಸಿನ ಮಕ್ಕಳಿರೋ ಅಪ್ಪ ಅಮ್ಮಂದಿರು, ಇವತ್ತಿನ ವಿಡಿಯೋ ನಿಮಗೆ.

ಹುಡುಗ ಹುಡುಗೀರನ್ನೆಲ್ಲ ಸೇರ್ಸಿ ಒಂದು ಸಿನಿಮಾ ಹಾಕ್ತೀವಿ, ಎರಡೂವರೆ ಗಂಟೆ ಯಾರೂ ಮಿಸುಕಾಡಲ್ಲ, ಮುಗಿದ ತಕ್ಷಣ ಲೈಟ್ ಆನ್ ಆಗುತ್ತೆ, ಯಾರೋ ಒಬ್ರು ಮೈಕ್ ಹಿಡ್ಕೊಂಡು "ಈ ಸಿನಿಮಾದಿಂದ ನಾವು ಕಲಿಯಬೇಕಾದ ನೀತಿ ಏನಪ್ಪಾ ಅಂದ್ರೆ" ಅಂತ ಶುರು ಹಚ್ಕೊಳ್ತಾರೆ. ಅಲ್ಲಿಗೆ ಮುಗೀತು. ಎಲ್ರ ಕೈಯಲ್ಲೂ ಫೋನ್. ಅಷ್ಟು ಹೊತ್ತು ಸಿನಿಮಾ ಮಾಡಿದ ಕೆಲಸಾನ ಹತ್ತು ನಿಮಿಷದ ಬುದ್ಧಿವಾದ ಅಳಿಸಿ ಹಾಕಿರುತ್ತೆ.

ನನ್ನ ವಾದ ಇಷ್ಟೇ, ಸಿನಿಮಾ ನೋಡಿದ್ಮೇಲೆ ಉತ್ತರ ಹೇಳ್ಬೇಡಿ, ಪ್ರಶ್ನೆ ಕೇಳಿ, ಸಾಧ್ಯ ಆದ್ರೆ ಸಿನಿಮಾ ಮುಗಿಯೋಕೂ ಮುಂಚೆನೇ ಕೇಳಿ. ಇದೇನ್ ಹೊಸ ಐಡಿಯಾ ಅಲ್ಲ. ಬೈಬಲ್‌ನಲ್ಲಿ ಲೂಕನ ಶುಭಸಂದೇಶದ 10ನೇ ಅಧ್ಯಾಯ ತೆಗೆದು ನೋಡಿ. ಧರ್ಮಶಾಸ್ತ್ರಿ ಒಬ್ಬ ಬಂದು "ನನ್ನ ನೆರೆಯವನು ಯಾರು" ಅಂತ ಕೇಳ್ತಾನೆ, ಯೇಸುಸ್ವಾಮಿ ಡೆಫಿನಿಷನ್ ಕೊಡಲ್ಲ, ದಾರೀಲಿ ಹೊಡೆಸ್ಕೊಂಡು ಬಿದ್ದವನ ಕಥೆ ಹೇಳಿ, ಅವನನ್ನ ನೋಡಿ ಇಬ್ರು ಸುಮ್ನೆ ಹೋದ್ರು, ಮೂರನೆಯವನು ನಿಂತು ಆರೈಕೆ ಮಾಡಿದ, ಈ ಮೂವರಲ್ಲಿ ನೆರೆಯವನಾದವನು ಯಾರು ಅಂತ ತಿರುಗಿ ಅವನನ್ನೇ ಕೇಳ್ತಾರೆ. ಉತ್ತರ ಬಂದಿದ್ದು ಕೇಳಿದವನ ಬಾಯಿಂದಾನೇ. ಇನ್ನು ಲೂಕ 15ರಲ್ಲಿ ತಪ್ಪಿಹೋದ ಮಗನ ಸಾಮತಿ, ಅಂದ್ರೆ ದೃಷ್ಟಾಂತ ಕಥೆ, ಅದ್ರಲ್ಲಿ ಮನೆ ಬಿಟ್ಟು ಹೋಗಿದ್ದ ತಮ್ಮ ವಾಪಸ್ ಬಂದಿದ್ದಕ್ಕೆ ಅಪ್ಪ ಹಬ್ಬ ಮಾಡಿದ್ರು ಅಂತ ದೊಡ್ಡ ಮಗ ಮುನಿಸ್ಕೊಂಡು ಹೊರಗೆ ನಿಂತಿರ್ತಾನೆ, ಅಪ್ಪ ಬಂದು ಬೇಡ್ಕೊಳ್ತಾನೆ, ಕೊನೆಗೆ ಅವನು ಒಳಗೆ ಹೋದ್ನಾ ಇಲ್ವಾ? ಗೊತ್ತಿಲ್ಲ. ಕಥೆ ಅಲ್ಲಿಗೇ ನಿಂತಿದೆ. ಇಷ್ಟು ಚೆನ್ನಾಗಿ ಬಾಗಿಲು ತೆರೆದಿಟ್ಟಿರೋ ಕ್ಲೈಮ್ಯಾಕ್ಸ್ ಸಿನಿಮಾದೋರಿಗೂ ಕಷ್ಟ.

(ಸ್ಕ್ರೀನ್ ಮೇಲೆ: 1936, 1963, 1995)

ಸ್ವಲ್ಪ ಹಿಸ್ಟರಿ, ಬೇಗ ಮುಗಿಸ್ತೀನಿ. 1936ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅವರು ಸಿನಿಮಾ ಬಗ್ಗೇನೇ "ವಿಜಿಲಾಂತಿ ಕೂರಾ" ಅನ್ನೋ ಪರಿಪತ್ರ, ಅಂದ್ರೆ ಧರ್ಮಸಭೆಗೆ ಪೋಪ್ ಬರೆಯೋ ಬೋಧನೆಯ ಪತ್ರ, ಬರೆದ್ರು. ಒಳ್ಳೆ ಸಿನಿಮಾದ ಶಕ್ತಿನ ಅದ್ರಲ್ಲಿ ಒಪ್ಕೊಂಡಿದಾರೆ, ಆದ್ರೆ ಒಟ್ಟಾರೆ ಧಾಟಿ ಎಚ್ಚರಿಕೆದು, ಯಾಕಂದ್ರೆ ಆಗ ಅಮೆರಿಕಾದಲ್ಲಿ ಕ್ಯಾಥೋಲಿಕರು ಚರ್ಚ್‌ನಲ್ಲಿ ನಿಂತು ಕೆಟ್ಟ ಸಿನಿಮಾ ನೋಡಲ್ಲ ಅಂತ ಪ್ರತಿಜ್ಞೆ ಮಾಡ್ತಿದ್ದ ಕಾಲ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದ್ರೆ ಲೋಕದ ಬಿಷಪ್‌ಗಳೆಲ್ಲ ಸೇರಿದ್ದ ಸಭೆ, "ಇಂತೆರ್ ಮಿರಿಫಿಕಾ" ಅನ್ನೋ ದಾಖಲೆ ಹೊರಡಿಸ್ತು, ಮಾಧ್ಯಮಗಳನ್ನ ಧರ್ಮಸಭೆ ತಾನೂ ಬಳಸ್ಬೇಕು ಅಂತ. ಆಮೇಲೆ 1995, ಸಿನಿಮಾಗೆ ನೂರು ವರ್ಷ ತುಂಬ್ತು ಅಂತ ವ್ಯಾಟಿಕನ್ 45 ಸಿನಿಮಾಗಳ ಪಟ್ಟಿನೇ ಬಿಡುಗಡೆ ಮಾಡ್ತು. ಧರ್ಮ, ಮೌಲ್ಯ, ಕಲೆ, ಮೂರು ಭಾಗ, ಒಂದೊಂದರಲ್ಲಿ 15.

ಆ ಪಟ್ಟಿ ನೋಡಿದ್ರೆ ಕೆಲವರಿಗೆ ಶಾಕ್ ಆಗುತ್ತೆ. ಮೌಲ್ಯದ ಭಾಗದಲ್ಲಿ "ಗಾಂಧಿ" ಇದೆ. "ಚಾರಿಯಟ್ಸ್ ಆಫ್ ಫೈರ್" ಇದೆ, ಅದ್ರಲ್ಲಿ ಇಬ್ರು ಓಟಗಾರರು, ಒಬ್ಬ ಪ್ರೊಟೆಸ್ಟೆಂಟ್, ಇನ್ನೊಬ್ಬ ಯೆಹೂದಿ. "ಶಿಂಡ್ಲರ್ಸ್ ಲಿಸ್ಟ್" ಇದೆ, ಅಮೆರಿಕಾದಲ್ಲಿ ಅದಕ್ಕೆ ಆರ್ ರೇಟಿಂಗ್, ಅಂದ್ರೆ ಚಿಕ್ಕವರು ದೊಡ್ಡವರ ಜೊತೆ ಮಾತ್ರ ನೋಡ್ಬಹುದು. ಧರ್ಮದ ಭಾಗದಲ್ಲಿ ಇರೋ ಮತ್ತಾಯನ ಶುಭಸಂದೇಶದ ಮೇಲಿನ 1964ರ ಸಿನಿಮಾ ಮಾಡಿದ್ದು ಇಟಲಿಯ ನಿರ್ದೇಶಕ ಪಸೋಲಿನಿ, ಅವರು ನಾಸ್ತಿಕರು, ಮಾರ್ಕ್ಸಿಸ್ಟು, ಮತ್ತೆ ಆ ಸಿನಿಮಾನ ಅವರು ಅರ್ಪಿಸಿರೋದು ಪೋಪ್ ಇಪ್ಪತ್ಮೂರನೇ ಜಾನ್ ಅವರ ನೆನಪಿಗೆ! ಹಾಗಾಗಿ "ಕ್ರಿಶ್ಚಿಯನ್ ಸಿನಿಮಾ ಮಾತ್ರ ತೋರಿಸ್ಬೇಕು" ಅಂತ ಯಾರಾದ್ರೂ ಹಠ ಹಿಡಿದ್ರೆ ಈ ಪಟ್ಟಿ ಅವರ ಕೈಗಿಡಿ.

ಆದ್ರೆ ಅದನ್ನೇ ಸಿಲಬಸ್ ಮಾಡ್ಕೋಬೇಡಿ. ಸಬ್‌ಟೈಟಲ್ ಇರೋ ಕಪ್ಪು ಬಿಳುಪು ಸಿನಿಮಾ ಮೊದಲನೇ ದಿನವೇ ಹಾಕಿದ್ರೆ ಮುಂದಿನ ವಾರ ನೀವು ಮತ್ತು ಪ್ರೊಜೆಕ್ಟರ್ ಇಬ್ರೇ ಇರ್ತೀರ. ಅವರು ಆಗ್ಲೇ ನೋಡಿರೋ, ಇಷ್ಟಪಟ್ಟಿರೋ ಸಿನಿಮಾ ತಗೊಳ್ಳಿ, ಕಥೆ ವಿವರಿಸೋ ಕಷ್ಟ ಇಲ್ಲ, ಮಾತಿಗೆ ಬರ ಇಲ್ಲ.

(ಕ್ಲಿಪ್ ಬೇಡ, ಎರಡು ದೋಣಿಯ ಸಿಂಪಲ್ ಡ್ರಾಯಿಂಗ್ ಸಾಕು)

ಉದಾಹರಣೆಗೆ 2008ರ "ದಿ ಡಾರ್ಕ್ ನೈಟ್". ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಏನ್ ಧರ್ಮೋಪದೇಶ ಅಂತೀರಾ, ಕೇಳಿ. ವಿಲನ್ ಜೋಕರ್ ಎರಡು ದೋಣಿಗೆ ಬಾಂಬ್ ಇಟ್ಟಿರ್ತಾನೆ. ಒಂದ್ರಲ್ಲಿ ಸಾಮಾನ್ಯ ಜನ, ಇನ್ನೊಂದ್ರಲ್ಲಿ ಜೈಲಿನ ಕೈದಿಗಳು. ಈ ದೋಣಿಯ ಬಾಂಬ್‌ನ ಬಟನ್ ಆ ದೋಣೀಲಿ, ಆ ದೋಣಿಯದ್ದು ಇಲ್ಲಿ. ಮಧ್ಯರಾತ್ರಿ ಒಳಗೆ ಯಾರಾದ್ರೂ ಒತ್ತಿದ್ರೆ ಅವರು ಬದುಕ್ತಾರೆ, ಯಾರೂ ಒತ್ತಿಲ್ಲ ಅಂದ್ರೆ ಎರಡನ್ನೂ ಸಿಡಿಸ್ತೀನಿ ಅಂತಾನೆ. ಸಾಮಾನ್ಯ ಜನರ ದೋಣೀಲಿ ವೋಟ್ ಹಾಕ್ತಾರೆ, ಒತ್ತಿಬಿಡೋಣ ಅನ್ನೋರೇ ಜಾಸ್ತಿ. ಆ ಕಡೆ ದೈತ್ಯನ ಥರ ಇರೋ ಒಬ್ಬ ಕೈದಿ ಎದ್ದು ಬಂದು ಅಧಿಕಾರಿ ಮುಂದೆ ಕೈ ಚಾಚ್ತಾನೆ, ಬಟನ್ ನನ್ ಕೈಗೆ ಕೊಡು ಅಂತ.

ಅಲ್ಲಿ ಪಾಸ್ ಒತ್ತಿ.

ಅವನು ಅದನ್ನ ಕಿಟಕಿಯಿಂದ ಹೊರಗೆ ಎಸೀತಾನೆ ಅಂತ ಎಲ್ರಿಗೂ ಗೊತ್ತಿದ್ರೂ ಪರ್ವಾಗಿಲ್ಲ, ನಿಲ್ಲಿಸಿ. ಎಸೆದ್ಮೇಲೆ ನಿಲ್ಲಿಸಿದ್ರೆ "ಸೂಪರ್, ಗ್ರೇಟ್" ಅಷ್ಟೇ ಬರೋದು, ಎಸೆಯೋಕೆ ಮುಂಚೆ ನಿಲ್ಲಿಸಿದ್ರೆ ಅವರು ಆ ದೋಣೀಲೇ ಸಿಕ್ಕಾಕ್ಕೊಂಡಿರ್ತಾರೆ. ಈಗ ಕೇಳೋಕೆ ಒಂದು ಕ್ರಮ ಬೇಕಲ್ವಾ, ಅದು ರೆಡಿ ಇದೆ, ಬೆಲ್ಜಿಯಂನ ಜೋಸೆಫ್ ಕಾರ್ಡಿನ್ ಅನ್ನೋ ಪಾದ್ರಿ, ಕಾರ್ಮಿಕ ಯುವಕರ ಸಂಘಟನೆ ಕಟ್ಟಿದವರು, ಅವರು ಬೆಳೆಸಿದ ಪದ್ಧತಿ: ನೋಡು, ವಿಚಾರ ಮಾಡು, ಕೆಲಸಕ್ಕಿಳಿ. 1961ರ "ಮಾತೆರ್ ಎತ್ ಮಜಿಸ್ತ್ರಾ" ಪರಿಪತ್ರದಲ್ಲೇ ಈ ಮೂರು ಹೆಜ್ಜೆ ಬಂದಿದೆ.

ನೋಡು ಅಂದ್ರೆ ಬರೀ ನಡೆದಿದ್ದು. ಯಾರು ಏನ್ ಹೇಳಿದ್ರು, ಯಾರು ಸುಮ್ನಿದ್ರು, ವೋಟ್ ಹಾಕಿದವರು ಮುಖ ಎಲ್ಲಿ ತಿರುಗ್ಸಿದ್ರು. ಇಲ್ಲೇ ತೀರ್ಪು ಕೊಡೋಕೆ ಬಿಡ್ಬೇಡಿ, ಹುಡುಗರು ಓಡ್ತಾರೆ, ತಡೀರಿ. ಆಮೇಲೆ ವಿಚಾರ. ಬಹುಮತ ಬಂದ್ರೆ ಸರಿ ಆಗಿಬಿಡುತ್ತಾ? ಕೈದಿಗಳು ಹೇಗೂ ತಪ್ಪು ಮಾಡಿದೋರು ಅನ್ನೋ ಮಾತಿಗೆ ತೂಕ ಇದ್ಯಾ? ಈಗ ಧರ್ಮಸಭೆಯ ಬೋಧನೆಗಳನ್ನ ಒಟ್ಟು ಮಾಡಿರೋ ಕ್ಯಾಟೆಕಿಸಂ ಪುಸ್ತಕದ 1750ನೇ ಪ್ಯಾರಾ ತೆಗೀರಿ, ಒಂದು ಕೆಲಸ ಒಳ್ಳೇದಾ ಕೆಟ್ಟದ್ದಾ ಅಂತ ಅಳೆಯೋಕೆ ಮೂರು ನೋಡ್ಬೇಕು ಅನ್ನುತ್ತೆ: ಮಾಡಿದ ಕೆಲಸ, ಅದ್ರ ಉದ್ದೇಶ, ಸಂದರ್ಭ. ಪುಸ್ತಕ ಮೊದಲು, ಸಿನಿಮಾ ಆಮೇಲೆ ಅಂತ ಮಾಡಿದ್ರೆ ಅದು ಒಣ ಪಾಠ, ಜಗಳ ಶುರು ಆದ್ಮೇಲೆ ಪುಸ್ತಕ ತೆಗೆದ್ರೆ ಅವರೇ ಬಗ್ಗಿ ನೋಡ್ತಾರೆ. ಮೂರನೇದು ಕೆಲಸ, ದೊಡ್ಡದು ಬೇಡ. ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ಸೇರಿ ಒಬ್ಬನನ್ನ ಆಡ್ಕೊಳ್ತಿದ್ದಾಗ ಅದೂ ಒಂದು ವೋಟೇ ತಾನೇ, ಅಲ್ಲಿ ಈ ವಾರ ನೀನೇನ್ ಮಾಡ್ತೀಯ ಅಂತ ಕೇಳಿ ಸುಮ್ನಾಗಿ. ಸುಮ್ನಾಗೋದೇ ಕಷ್ಟ ನಮಗೆ.

ಅದೇ ಸಿನಿಮಾದ ಕೊನೆ ಇನ್ನೂ ಮಜಾ. ಊರಿನ ನಂಬಿಕೆ ಉಳೀಲಿ ಅಂತ, ಊರೇ ನಂಬಿದ್ದ ಸರ್ಕಾರಿ ವಕೀಲ ಹಾರ್ವೆ ಡೆಂಟ್ ಕೊನೆಗೆ ದಾರಿ ತಪ್ಪಿ ಮಾಡಿದ ಕೊಲೆಗಳನ್ನ ಬ್ಯಾಟ್‌ಮ್ಯಾನ್ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ. ತ್ಯಾಗ ಅಲ್ವಾ? ಹೌದು, ತ್ಯಾಗವೇ, ಮ್ಯೂಸಿಕ್ ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಆದ್ರೆ ಸುಳ್ಳು ಕೂಡ. ಕ್ಯಾಟೆಕಿಸಂ 1753 ನೇರವಾಗಿ ಸುಳ್ಳಿನ ಉದಾಹರಣೆನೇ ಕೊಟ್ಟು ಹೇಳುತ್ತೆ, ಉದ್ದೇಶ ಒಳ್ಳೇದು ಅಂದ ಮಾತ್ರಕ್ಕೆ ಅದು ಒಳ್ಳೇದಾಗಲ್ಲ ಅಂತ. 2012ರ ಮುಂದಿನ ಭಾಗದಲ್ಲಿ ಆ ಸುಳ್ಳು ಬಯಲಾಗಿ ಏನೇನಾಗುತ್ತೆ ಅಂತ ಹುಡುಗರೇ ಹೇಳ್ತಾರೆ, ನಿಮಗಿಂತ ಚೆನ್ನಾಗಿ.

ತಕ್ಷಣ ಇದಕ್ಕೆ ಜೋಡಿಯಾಗಿ 2012ರ "ಲೆ ಮಿಸೆರಾಬ್" ಸಿನಿಮಾದ ಬಿಷಪ್ ಸೀನ್ ಹಾಕಿ. ಜೈಲಿಂದ ಬಂದ ಜಾನ್ ವಾಲ್‌ಜಾನ್‌ಗೆ ಬಿಷಪ್ ಊಟ ಹಾಸಿಗೆ ಕೊಡ್ತಾರೆ, ಅವನು ರಾತ್ರೋ ರಾತ್ರಿ ಬೆಳ್ಳಿ ಪಾತ್ರೆ ಕದ್ದು ಓಡ್ತಾನೆ, ಪೊಲೀಸ್ರು ಹಿಡಿದು ತರ್ತಾರೆ, "ಇದು ನೀವೇ ಕೊಟ್ಟಿದ್ದಂತೆ" ಅಂತ. ಬಿಷಪ್ ಹೌದು ಅಂತಾರೆ, ಮೇಲಿಂದ ಎರಡು ಕ್ಯಾಂಡಲ್ ಸ್ಟ್ಯಾಂಡೂ ಕೊಡ್ತಾರೆ. ನೀವು ಕರುಣೆ ಬಗ್ಗೆ ಮಾತಾಡೋಕೆ ರೆಡಿ ಆಗಿರ್ತೀರ, ಹಿಂದಿನ ಬೆಂಚಿಂದ ಒಂದು ಹುಡುಗಿ ಕೇಳ್ತಾಳೆ, "ಬ್ಯಾಟ್‌ಮ್ಯಾನ್ ಹೇಳಿದ್ರೆ ಸುಳ್ಳು, ಬಿಷಪ್ ಹೇಳಿದ್ರೆ ಪುಣ್ಯಾನಾ?"

ಈ ಪ್ರಶ್ನೆನ ಹೆದರಿ ಮುಚ್ಚಾಕ್ಬೇಡಿ. ನನಗನ್ಸೋದು, ಬೆಳ್ಳಿ ಬಿಷಪ್ ಮನೇದು, ಅವರು ಮನಸಾರೆ ಬಿಟ್ಟುಕೊಟ್ಟ ಗಳಿಗೇಲಿ ಅದು ನಿಜವಾಗ್ಲೂ ದಾನ ಆಯ್ತು, ಮೋಸ ಹೋದವರು ಅವರೊಬ್ರೇ, ಕ್ಷಮಿಸೋ ಹಕ್ಕೂ ಅವರದ್ದೇ. ಡೆಂಟ್ ವಿಷಯದಲ್ಲಿ ಸತ್ತವರ ಮನೆಯವರಿಗೆ ಸತ್ಯ ತಿಳ್ಕೊಳ್ಳೋ ಹಕ್ಕಿತ್ತು. ಆದ್ರೂ "ನಾನೇ ಕೊಟ್ಟಿದ್ದೆ" ಅನ್ನೋದು ಹಿಂದೆ ನಡೆದದ್ದರ ಮಾತು ಅಂತ ಅವಳು ಪಟ್ಟು ಹಿಡಿದ್ರೆ, ಹಿಡೀಲಿ ಬಿಡಿ. ಸತ್ಯ ಅಂದ್ರೆ ಏನು ಅಂತ ಅಷ್ಟು ತಲೆ ಕೆಡಿಸ್ಕೊಂಡಿರೋ ಹುಡುಗೀಗೆ ನೀವು ಇನ್ನೇನ್ ಕಲಿಸ್ಬೇಕಿತ್ತು?

(ಬೇರೆ ಆಂಗಲ್)

ಇನ್ನೊಂದು, "ಲಾರ್ಡ್ ಆಫ್ ದಿ ರಿಂಗ್ಸ್". ಇದನ್ನ ಬಿಡೋಕಾಗಲ್ಲ. ಮೂಲ ಪುಸ್ತಕ ಬರೆದ ಟೋಲ್ಕಿನ್ ಪಕ್ಕಾ ಕ್ಯಾಥೋಲಿಕ್, ಇದು ಮೂಲದಲ್ಲಿ ಕ್ಯಾಥೋಲಿಕ್ ಕೃತಿ ಅಂತ 1953ರಲ್ಲಿ ಜೆಸ್ವಿಟ್ ಅನ್ನೋ ಕ್ಯಾಥೋಲಿಕ್ ಸನ್ಯಾಸ ಸಂಸ್ಥೆಯಲ್ಲಿದ್ದ ತಮ್ಮ ಸ್ನೇಹಿತರಿಗೆ ಪತ್ರಾನೇ ಬರೆದಿದಾರೆ. ಕಥೆ ಇರೋದು ಲೋಕಾನೇ ಆಳೋ ಕೆಟ್ಟ ಶಕ್ತಿಯ ಒಂದು ಉಂಗುರದ ಸುತ್ತ, ಪುಸ್ತಕದಲ್ಲಿ ಆ ಉಂಗುರ ನಾಶ ಆಗೋ ದಿನ ಮಾರ್ಚ್ 25, ಅಂದ್ರೆ ಗಾಬ್ರಿಯೇಲ್ ದೂತ ಮರಿಯಮ್ಮನವರಿಗೆ ಮಂಗಳವಾರ್ತೆ ಹೇಳಿದ ಹಬ್ಬ. ಈ ಥರದ್ದೆಲ್ಲ ಹೇಳೋಕೆ ನಾಲಿಗೆ ತುರಿಸುತ್ತೆ, ಆದ್ರೆ ಒಂದು ಹೇಳಿ ಸಾಕು ಮಾಡಿ. ಎಲ್ಲಿ ಶಿಲುಬೆ ಕಾಣುತ್ತೆ, ಹೀರೋ ಕೈ ಚಾಚಿ ನಿಂತ್ರೆ ಯೇಸು, ಮೂರು ಜನ ಬಂದ್ರೆ ತ್ರಿತ್ವ ಅಂತ ಹುಡುಕಾಡೋದು ಒಂದು ಕಾಯಿಲೆ, ಕ್ವಿಜ್ ಆಗುತ್ತೆ, ಮೌಲ್ಯ ಅಲ್ಲೆಲ್ಲೋ ಕಳೆದುಹೋಗಿರುತ್ತೆ.

ಕೇಳ್ಬೇಕಾದ್ದು ಬೇರೆ. ಉಂಗುರಾನ ನಾಶ ಮಾಡೋಕೇ ಅಂತ ಅಷ್ಟು ದೂರ ನಡೆದು ಹೋದ ಹೀರೋ ಫ್ರೋಡೋ ಕೊನೇ ಗಳಿಗೇಲಿ ಉಂಗುರಾನ ಬೆಂಕಿಗೆ ಹಾಕಲ್ಲ. ನನ್ನದು ಅಂತ ಬೆರಳಿಗೆ ಹಾಕ್ಕೊಂಡುಬಿಡ್ತಾನೆ. ಸೋತುಹೋದ! ಆ ಉಂಗುರದ ಹುಚ್ಚು ಹಿಡಿದಿರೋ ಗೊಲ್ಲಮ್ ಬಂದು ಬೆರಳು ಕಚ್ಚಿ ಕಿತ್ಕೊಂಡು, ಉಂಗುರದ ಸಮೇತ ಬೆಂಕಿಗೆ ಬೀಳ್ತಾನೆ. ಆ ಗೊಲ್ಲಮ್‌ನ ಮೊದಲೇ ಕೊಲ್ಲೋಕೆ ಎಷ್ಟು ಅವಕಾಶ ಇತ್ತು, ಉಂಗುರ ಮೊದಲು ಇಟ್ಕೊಂಡಿದ್ದ ಬಿಲ್ಬೋ ಕೊಲ್ಲಲಿಲ್ಲ, ಫ್ರೋಡೋನೂ ಕೊಲ್ಲಲಿಲ್ಲ, ಪಾಪ ಅಂತ ಬಿಟ್ರು. ಅಂದ್ರೆ ಲೋಕ ಉಳಿದಿದ್ದು ಹೀರೋ ಶಕ್ತಿಯಿಂದಾನಾ, ಯಾವತ್ತೋ ತೋರಿಸಿದ ಕರುಣೆಯಿಂದಾನಾ? ಎಕ್ಸಾಮ್, ಮಾರ್ಕ್ಸು, ಗೆಲ್ಲಲೇಬೇಕು ಅನ್ನೋದ್ರಲ್ಲೇ ಬೆಳೆದಿರೋ ಮಕ್ಕಳ ಮುಂದೆ ಸೋತ ಹೀರೋನ ಇಟ್ಟು ದೇವರ ಕೃಪೆ ಬಗ್ಗೆ ಮಾತಾಡೋಕೆ ಇದಕ್ಕಿಂತ ಒಳ್ಳೆ ಸೀನ್ ನನಗಂತೂ ಗೊತ್ತಿಲ್ಲ.

ಹಾಗಾದ್ರೆ ಸೇಡಿನ ಸಿನಿಮಾ? ಕುತ್ತಿಗೇಲಿ ಶಿಲುಬೆ, ಕೈಯಲ್ಲಿ ಮಚ್ಚು, ಚರ್ಚ್ ಒಳಗೇ ಫೈಟ್, ಹುಡುಗರಿಗೆ ಬಾಯಿಪಾಠ. ನೋಡ್ಬೇಡಿ ಅಂದ್ರೆ ನಗ್ತಾರೆ. ಇಲ್ಲಿ ಜೆಸ್ವಿಟ್ ಸಂಸ್ಥೆ ಕಟ್ಟಿದ ಸಂತ ಇಗ್ನೇಷಿಯಸ್ ಸಹಾಯಕ್ಕೆ ಬರ್ತಾರೆ. 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರ್ಕೊಂಡು ಲೊಯೋಲಾ ಮನೇಲಿ ಮಲಗಿರ್ತಾರೆ, ಓದೋಕೆ ವೀರಯೋಧರ ಕಥೆ ಕೊಡಿ ಅಂತಾರೆ, ಅಂದ್ರೆ ಆ ಕಾಲದ ಆ್ಯಕ್ಷನ್ ಸಿನಿಮಾನೇ ಅನ್ಕೊಳ್ಳಿ. ಮನೇಲಿ ಅದು ಇರ್ಲಿಲ್ಲ, ಕ್ರಿಸ್ತರ ಜೀವನ, ಸಂತರ ಕಥೆ ಇದ್ದವು, ಅದನ್ನೇ ಕೊಟ್ರು. ದಿನ ಕಳೀತಾ ಅವರು ಒಂದು ಗಮನಿಸಿದ್ರು. ವೀರನಾಗಿ ಮೆರೆಯೋ ಕನಸು ಕಾಣೋವಾಗ ಖುಷಿ ಖುಷಿ, ಆಮೇಲೆ ಒಳಗೆಲ್ಲ ಒಣಗಿದ ಹಾಗೆ. ಸಂತರ ಥರ ಬದುಕೋ ಕನಸು ಮುಗಿದ್ಮೇಲೂ ಖುಷಿ ಉಳೀತಿತ್ತು. ಜೆಸ್ವಿಟರು ಇವತ್ತಿಗೂ ಹೇಳ್ಕೊಡೋ ವಿವೇಚನೆಯ ಬೇರು ಅಲ್ಲಿದೆ.

ಹಾಗಾಗಿ ಸೇಡಿನ ಸಿನಿಮಾಗೆ ಕೇಳೋ ಪ್ರಶ್ನೆ ಅದೇ ದಿನ ಬೇಡ, ಒಂದೆರಡು ದಿನ ಬಿಟ್ಟು ಕೇಳಿ: ಆ ಸಿನಿಮಾದಲ್ಲಿ ಈಗ ಏನ್ ಉಳಿದಿದೆ ನಿನ್ನೊಳಗೆ, ಯಾರ ಸಾವಿಗೆ ಚಪ್ಪಾಳೆ ಹೊಡ್ದೆ, ಅವನ ಹೆಸರು ನೆನಪಿದ್ಯಾ? ಅಷ್ಟೇ.

(ಟೇಬಲ್ ಹತ್ತಿರ ಕೂತು, ಕ್ಯಾಶುಯಲ್ ಆಗಿ)

ಇನ್ನು ಪ್ರಾಕ್ಟಿಕಲ್ ವಿಷಯ. ಇಡೀ ಸಿನಿಮಾ ನೀವು ಮುಂಚೆನೇ ನೋಡಿರ್ಬೇಕು, ಟ್ರೇಲರ್ ನೋಡಿ ಆರ್ಸೋದಲ್ಲ. ವಯಸ್ಸಿನ ರೇಟಿಂಗ್ ನೋಡಿ, ಚಿಕ್ಕವರಿದ್ರೆ ಅವರ ಮನೆಯವರಿಗೆ ಮೊದಲೇ ತಿಳಿಸಿ. ಮರಣದಂಡನೆ ಬಗ್ಗೆ ಇರೋ 1995ರ "ಡೆಡ್ ಮ್ಯಾನ್ ವಾಕಿಂಗ್" ಅದ್ಭುತ ಚರ್ಚೆ ತರುತ್ತೆ, ಮರಣದಂಡನೆ ಒಪ್ಪೋಕಾಗಲ್ಲ ಅಂತ 2018ರಲ್ಲಿ ಪೋಪ್ ಫ್ರಾನ್ಸಿಸ್ ಕ್ಯಾಟೆಕಿಸಂನ 2267ನೇ ಪ್ಯಾರಾನೇ ತಿದ್ದಿಸಿದ್ರಲ್ಲ, ಅದ್ರ ಜೊತೆ ಇಟ್ಟು ಮಾತಾಡ್ಬಹುದು, ಆದ್ರೆ ಹದಿನೆಂಟು ದಾಟಿದವರಿಗೆ ಮಾತ್ರ. ಆತ್ಮಹತ್ಯೆ, ದೌರ್ಜನ್ಯ ಇರೋ ಸೀನ್ ಆದ್ರೆ ಮೊದಲೇ ಹೇಳಿ, ಬೇಡ ಅನ್ನಿಸಿದವರು ಯಾರಿಗೂ ಕಾರಣ ಕೊಡದೆ ಎದ್ದು ಹೋಗೋ ಹಾಗಿರ್ಲಿ, ಆಮೇಲೆ ಒಬ್ಬಂಟಿಯಾಗಿ ಮಾತಾಡ್ಬೇಕು ಅನ್ನಿಸಿದವರಿಗೆ ಯಾರ ಹತ್ರ ಹೋಗ್ಬೇಕು ಅಂತಲೂ ಗೊತ್ತಿರ್ಲಿ.

ಎರಡೂವರೆ ಗಂಟೆ ಬೇಕಾಗಿಲ್ಲ, ಎಂಟು ನಿಮಿಷದ ಒಂದು ಸೀನ್, ಅರ್ಧ ಗಂಟೆ ಮಾತು. ಬಾಯೇ ಬಿಡದವರು ಇದ್ದೇ ಇರ್ತಾರೆ, ಅವರನ್ನ ಎಬ್ಬಿಸಿ ನಿಲ್ಲಿಸಿ ಕೇಳ್ಬೇಡಿ, ಪಕ್ಕದವರ ಜೊತೆ ಇಬ್ಬಿಬ್ರೇ ಮಾತಾಡೋಕೆ ಬಿಟ್ರೆ ಸಾಕು.

ಹಾಂ, ಪೈರಸಿ. ಟೆಲಿಗ್ರಾಂನಿಂದ ಇಳಿಸ್ಕೊಂಡ ಕಾಪಿ ಹಾಕಿ "ಕದಿಯಬೇಡ" ಅಂತ ಏಳನೇ ಆಜ್ಞೆ ಪಾಠ ಮಾಡೋರು ಇದಾರೆ, ದಯವಿಟ್ಟು ಬೇಡ. ನೆಟ್‌ಫ್ಲಿಕ್ಸ್ ಥರದ ಅಕೌಂಟ್‌ಗಳ ಷರತ್ತು ಓದಿ, ಅದು ಸ್ವಂತ ಬಳಕೆಗೆ, ಹಾಲ್‌ನಲ್ಲಿ ಗುಂಪಿಗೆ ಹಾಕೋಕಲ್ಲ. ಗುಂಪಿಗೆ ತೋರಿಸೋಕೆ ಬೇರೆ ಲೈಸೆನ್ಸ್ ಬೇಕಾಗುತ್ತೆ, ಒಂದೊಂದು ದೇಶದ ಕಾನೂನು ಒಂದೊಂದು ಥರ, ವಿಚಾರಿಸಿ. ಅದು ಆಗ್ಲಿಲ್ಲ ಅಂದ್ರೆ ಅವರವರ ಮನೇಲಿ ನೋಡ್ಕೊಂಡು ಬರೋಕೆ ಹೇಳಿ, ಸೀನ್ ನೀವು ಬಾಯಲ್ಲೇ ಹೇಳಿ, ಇವತ್ತು ನಾನು ಈ ವಿಡಿಯೋದಲ್ಲಿ ಮಾಡಿದ್ದೂ ಅದೇ ತಾನೇ.

ನಿಮ್ಮ ಗುಂಪಿನ ಜೊತೆ ಯಾವ ಸಿನಿಮಾ ನೋಡ್ತೀರ ಅಂತ ಕಾಮೆಂಟ್ ಹಾಕಿ. ಬರೀ ಹೆಸರು ಬೇಡ, ಯಾವ ಸೀನ್‌ನಲ್ಲಿ ಪಾಸ್ ಒತ್ತೀರ, ಏನ್ ಕೇಳ್ತೀರ, ಅದನ್ನೂ ಬರೀರಿ.