ಶಿರಸಿಯಿಂದ ಮಾಜಾಳಿಗೆ, ಹಿಂದೆ ನಮ್ಮ ಪುಟ್ಟ ಟ್ರೇಲರ್

ನಮಸ್ಕಾರ. ಶಿರಸಿ, ಬೆಳಿಗ್ಗೆ ಐದೂವರೆ, ಜನವರಿ ಚಳಿ. ಕಾರವಾರ ದಾಟಿ ಸಮುದ್ರದ ಪಕ್ಕದ ಮಾಜಾಳಿಗೆ ಮೂರು ದಿನಕ್ಕೆ ಹೊರಟಿದ್ದೇವೆ. ಜೀಪಿನ ಹಿಂದೆ ಕಾಣುತ್ತಿರುವುದೇ ನಮ್ಮ ಟ್ರೇಲರ್. ಒಳಗೆ ಇಬ್ಬರು ಮಲಗಬಹುದು, ಹಿಂಬದಿಯಲ್ಲಿ ಅಡುಗೆ ಕಟ್ಟೆ. ಸಾಮಾನು ತುಂಬಿದರೆ ಹತ್ತಿರ ಹತ್ತಿರ 700 ಕೆಜಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ತಮ್ಮ ಹುಕ್ ಹಾಕುತ್ತಿದ್ದಾನೆ, ಅದು ನಿಮಗೇ ಕಾಣುತ್ತಿದೆ. ಆ ಎರಡು ಚೈನು ಮಾತ್ರ ಸರಿಯಾಗಿ ನೋಡಿ. ಹುಕ್ಕಿನ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹೋಗಬೇಕು. ಹುಕ್ ಕಳಚಿದರೂ ಟ್ರೇಲರ್‌ನ ಮೂತಿ ರಸ್ತೆಗೆ ಕುಸಿಯದೆ ಚೈನಿನ ಮೇಲೆ ಕೂರುತ್ತದೆ.

ಇದು ಆಯಿ ಕಟ್ಟಿಕೊಟ್ಟ ಸಾಮಾನು. ಅಪ್ಪೆಮಿಡಿ ಉಪ್ಪಿನಕಾಯಿ, ಅವಲಕ್ಕಿ, ಚಟ್ನಿಪುಡಿ, ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಒಂದು ಡಬ್ಬಿ ತೊಡದೇವು, ಅದೇ ಕಬ್ಬಿನ ಹಾಲಿನ ತೆಳು ಸಿಹಿ. ಮೂರು ದಿನಕ್ಕೆ ಫ್ರಿಜ್ ಬೇಕೇ ಬೇಕು ಅನ್ನುವವರ ಮಾತು ಕೇಳಬೇಡಿ. ನಮ್ಮ ಕಡೆಯ ಅಡುಗೆಯಲ್ಲಿ ಕೆಡದ ಪದಾರ್ಥಕ್ಕೆ ಬರ ಇಲ್ಲ. ಮುರುಗಲು ನೆನೆಸಿಟ್ಟರೆ ಮಧ್ಯಾಹ್ನಕ್ಕೆ ಸಾರು, ಸಂಜೆಗೆ ಪಾನಕ. ಉಪ್ಪಿನಕಾಯಿಯನ್ನು ಭರಣಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿದ್ದಕ್ಕೆ ಆಯಿಗೆ ಬೇಜಾರಾಯಿತು. ಆದರೆ ಘಟ್ಟದ ತಿರುವಿನಲ್ಲಿ ಕಪಾಟಿನ ಬಾಗಿಲು ತೆರೆದುಕೊಂಡರೆ ಭರಣಿ ಉಳಿಯುವುದಿಲ್ಲ.

ಭಾರದ್ದನ್ನೆಲ್ಲ ಕೆಳಗೆ, ಚಕ್ರದ ನೇರಕ್ಕೆ ಇಟ್ಟಿದ್ದೇವೆ. ಅಕ್ಕಿ, ಬ್ಯಾಟರಿ, ಪಾತ್ರೆ, ಎಲ್ಲ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಹುಕ್ಕಿನ ಮೇಲೆ ಬೀಳಬೇಕು. ನಮ್ಮದಕ್ಕೆ ಅದು 70ರಿಂದ 100 ಕೆಜಿ. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಜೀಪನ್ನೂ ಎಳೆದಾಡುತ್ತದೆ. ನೀರಿನ ಟ್ಯಾಂಕು 60 ಲೀಟರಿನದು, ಅಂದರೆ 60 ಕೆಜಿ. ಅದನ್ನು ಖಾಲಿ ಬಿಟ್ಟಿದ್ದೇವೆ. ಸಮುದ್ರದ ಹತ್ತಿರ ಹೋಗಿ ಯಾವುದಾದರೂ ಬಾವಿಯಲ್ಲಿ ತುಂಬಿಸಿದರಾಯಿತು. ಇಲ್ಲಿಂದ ಹೊತ್ತು ಇಳಿಸುವುದು ಸುಮ್ನೆ ಕೆಲಸ.

ಇದು ದೇವಿಮನೆ ಘಟ್ಟ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಪಕ್ಕ. ಅಷ್ಟನ್ನೂ ಇಳಿಯಬೇಕು. ಸೆಕೆಂಡ್ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಬಿಸಿಯಾದರೆ ಬ್ರೇಕ್ ಹಿಡಿಯುವುದಿಲ್ಲ, ಹಿಂದೆ 700 ಕೆಜಿ ತಳ್ಳುತ್ತಿರುತ್ತದೆ. ಮಂಜು ನೋಡಿ, ಎಷ್ಟು ಚೆನ್ನಾಗಿದೆ ಅಲ್ವಾ?

ಇಲ್ಲಿಂದ ವಿಡಿಯೋ ಸ್ವಲ್ಪ ಅಲುಗಾಡುತ್ತದೆ. ದೇವಸ್ಥಾನ ದಾಟಿ ಕೆಳಗೆ ಬರುವಾಗ ಟಪ್ ಅಂತ ಶಬ್ದ. ಟ್ರೇಲರ್‌ನ ಎಡಗಡೆ ಟೈರ್ ಒಡೆದಿತ್ತು. ಅಂಚಿಗೆ ನಿಲ್ಲಿಸಿದೆವು. ಜೀಪಿನ ಪಾನಾ ತಂದರೆ ಟ್ರೇಲರ್‌ನ ನಟ್ಟಿಗೆ ಕೂರಲಿಲ್ಲ. ಜೀಪಿನದು 21 ಎಂಎಂ, ಟ್ರೇಲರ್‌ನದು 19. ಜೀಪಿನ ಜಾಕ್ ಟ್ರೇಲರ್‌ನ ಅಡಿಗೆ ಹೋಗಲೇ ಇಲ್ಲ, ಟೈರ್ ಚಪ್ಪಟೆಯಾಗಿ ಆಕ್ಸಲ್ ಅಷ್ಟು ಕೆಳಗಿಳಿದಿತ್ತು. ಸ್ಟೆಪ್ನಿ ಇತ್ತು, ಅದರಲ್ಲಿ ಅರ್ಧದಷ್ಟೂ ಗಾಳಿ ಇರಲಿಲ್ಲ. ಒಳಗೆ ಹಾಕುವ ಬಣ್ಣದ ಲೈಟಿಗೆ ನಾನು 1,800 ರೂಪಾಯಿ ಕೊಟ್ಟಿದ್ದೆ. ಟ್ರೇಲರ್‌ಗೆ ಬೇರೆ ಪಾನಾ ಬೇಕು, ಬೇರೆ ಜಾಕ್ ಬೇಕು ಎಂದು ನನಗೂ ಹೊಳೆದಿರಲಿಲ್ಲ, ಮಾರಿದವರೂ ಹೇಳಲಿಲ್ಲ. ನಲವತ್ತು ನಿಮಿಷ ಅಲ್ಲೇ ನಿಂತೆವು. ತಿರುವಿನಲ್ಲಿ ಪ್ರತಿ ಬಸ್ ಬಂದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಆಮೇಲೆ ಒಂದು ಲಾರಿ ನಿಂತಿತು. ಅಂಕೋಲೆಯ ಡ್ರೈವರ್. "ಎಂತ ಆಯ್ತು ತಂಗಿ?" ಎಂದು ಕೇಳುತ್ತಲೇ ಬಾಟಲ್ ಜಾಕ್, ಪಾನಾ ಎಲ್ಲ ಇಳಿಸಿದರು. ತಮ್ಮ ಹುಕ್ ಕಳಚಲು ಹೋದ. "ಏ, ಬೇಡ, ಜೀಪೇ ಅದನ್ನು ಹಿಡಕೊಂಡದ್ದು" ಎಂದು ಅವನ ಕೈ ತಡೆದರು. ಇಳಿಜಾರಿನ ಕಡೆಗೆ ಚಕ್ರಕ್ಕೆ ಕಲ್ಲು ಕೊಡಿಸಿದರು. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿದರು. ಲಾರಿಯ ಏರ್ ಟ್ಯಾಂಕಿನಿಂದಲೇ ಪೈಪ್ ಎಳೆದು ಸ್ಟೆಪ್ನಿಗೆ ಗಾಳಿ ತುಂಬಿಸಿದರು.

ಈ ಶಾಟ್ ನಿಲ್ಲಿಸಿ ನೋಡಿ. ಒಡೆದ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇವೆ, 1117. ಅಂದರೆ 2017ರ 11ನೇ ವಾರ ತಯಾರಾದದ್ದು. ಬಟನ್, ಅಂದರೆ ರಸ್ತೆಗೆ ತಾಗುವ ಮೈಯ ಗೀರು, ಹೊಸದರ ಹಾಗೇ ಇತ್ತು, ಅದನ್ನು ನೋಡಿಯೇ ನಾನು ಒಪ್ಪಿದ್ದು. ಟ್ರೇಲರ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಬಟನ್ ಸವೆಯುವುದಿಲ್ಲ. ರಬ್ಬರ್ ಮಾತ್ರ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಐದಾರು ವರ್ಷವಾದರೆ ಬದಲಿಸಿಬಿಡಿ. ಲಾರಿ ಡ್ರೈವರ್ ದುಡ್ಡು ಮುಟ್ಟಲಿಲ್ಲ. ತೊಡದೇವು ಡಬ್ಬಿ ಕೊಟ್ಟೆ, ಎರಡೇ ತಗೊಂಡರು. ನಾವು ಕುಮಟಾದಲ್ಲಿ ಮೂರು ಹೊಸ ಟೈರ್ ಹಾಕಿಸಿದೆವು, 10,500 ರೂಪಾಯಿ. 900 ರೂಪಾಯಿಗೆ ಬಾಟಲ್ ಜಾಕ್. 50 ಕಿಲೋಮೀಟರ್ ಆದ ಮೇಲೆ ನಟ್ ಮತ್ತೆ ಬಿಗಿ ಮಾಡಿ ಎಂದು ಅಂಗಡಿಯವರು ನಾವು ಹೊರಡುವ ಮೊದಲು ಹೇಳಿದ್ದರು. ಅಂಕೋಲೆ ದಾಟಿ ನಿಲ್ಲಿಸಿ ನೋಡಿದರೆ ಒಂದು ನಟ್ ನಿಜವಾಗಿಯೂ ಅರ್ಧ ಸುತ್ತು ತಿರುಗಿತು.

ಇದು ಕಾಳಿ ನದಿ, ಆ ಕಡೆ ಸದಾಶಿವಗಡ. 2024ರ ಆಗಸ್ಟ್‌ನಲ್ಲಿ ಇಲ್ಲಿನ ಹಳೆಯ ಸೇತುವೆ ರಾತ್ರಿ ಕುಸಿದು ಬಿತ್ತು, ಒಂದು ಲಾರಿ ನದಿಗೆ ಬಿದ್ದಿತ್ತು. ಆಮೇಲೆ ಎರಡೂ ಕಡೆಯ ಗಾಡಿಗಳನ್ನು ಹೊಸ ಸೇತುವೆಯ ಮೇಲೆಯೇ ಬಿಟ್ಟರು. ಪ್ರತಿ ಸಲ ಇಲ್ಲಿ ಬಂದಾಗ ನಾನು ಮಾತು ನಿಲ್ಲಿಸುತ್ತೇನೆ. ಸರಿ, ಮಾಜಾಳಿ ಬಂತು.

ಪರಿಚಯದವರ ತೋಟ, ಕೇಳಿಯೇ ನಿಂತದ್ದು. ಟ್ರೇಲರನ್ನು ಮರಳಿಗೆ ಇಳಿಸಬೇಡಿ, ಹೂತುಹೋಗುತ್ತದೆ. ತೆಂಗಿನ ಮರದ ಕೆಳಗೂ ಬೇಡ, ಕಾಯಿ ಬಿದ್ದರೆ ಮಾಡು, ಅಂದರೆ ಚಾವಣಿ, ಒಡೆಯುತ್ತದೆ. ಗ್ಯಾಸ್ 5 ಕೆಜಿ ಸಿಲಿಂಡರ್, ಹೊರಗಿನ ಪೆಟ್ಟಿಗೆಯಲ್ಲಿ ನೆಟ್ಟಗೆ. ಗಾಡಿ ಓಡುವಾಗ ಬಂದ್. ಜೋಡಿಸಿದ ಕೂಡಲೇ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡುತ್ತಿದ್ದೇನೆ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಕಿಟಕಿ ತೆರೆದರೆ ಸಾಲದು, ಗ್ಯಾಸ್ ಹೊರಹೋಗುವ ಆ ಕೆಳಗಿನ ಜಾಲರಿಗೆ ಯಾವತ್ತೂ ಚೀಲ ಅಡ್ಡ ಇಡಬೇಡಿ.

ನೀರಿನ ಬಗ್ಗೆ ಬೆಳಿಗ್ಗೆ ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಈ ತೋಟದ ಬಾವಿ ನೀರು ಸ್ವಲ್ಪ ಸವಳು. ಪಾತ್ರೆ ತೊಳೆಯಲು ಸಾಕು, ಚಹಾಕ್ಕೆ ಆಗುವುದಿಲ್ಲ. ಮುಂದಿನ ಸಲ ಮನೆಯ ಬಾವಿಯಿಂದ 20 ಲೀಟರಿನ ಎರಡು ಕ್ಯಾನ್ ಚಕ್ರದ ನೇರಕ್ಕೆ ಇಟ್ಟುಕೊಂಡೇ ಬರುತ್ತೇನೆ. 40 ಕೆಜಿಯನ್ನು ಜೀಪು ಎಳೆಯುತ್ತದೆ.

ಸೂರ್ಯಾಸ್ತ ಮುಗಿಯಿತು, ಕಟ್ ಮಾಡುತ್ತೇನೆ.

ಇದು ಮೂರನೇ ದಿನ, ಮನೆಯ ಅಂಗಳ. ಆಯಾಸ ಅಂತ ಮಲಗುವ ಮೊದಲು ಇದನ್ನು ಮಾಡಿ. ಸಮುದ್ರದ ಗಾಳಿಯ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಆದರೆ ಸ್ಪ್ರಿಂಗ್ ಪ್ಲೇಟಿಗೆ, ಆಕ್ಸಲ್‌ಗೆ, ಬೋಲ್ಟಿಗೆ ಹತ್ತಿ ಕೂತಿರುತ್ತದೆ. ಅಡಿಯಿಂದ ಸಿಹಿನೀರು ಹೊಡೆಯಿರಿ. ಲೈಟಿನ ಪ್ಲಗ್ಗಿನ ಪಿನ್ನು ನೋಡಿ, ಮೂರೇ ದಿನಕ್ಕೆ ಹಸಿರು ಹಿಡಿದಿದೆ. ಉಜ್ಜಿ ಒಣಗಿಸಿ. ಬೇರಿಂಗಿಗೆ ಗ್ರೀಸ್ ಹಾಕಬೇಕು. ಮಾಡಿನ ಸಂದಿಗೆ ಸೀಲೆಂಟ್ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ. ಹಾಸಿಗೆಯನ್ನು ಮಳೆಗಾಲಕ್ಕೆ ಮನೆಯೊಳಗೆ ತನ್ನಿ, ಇಲ್ಲದಿದ್ದರೆ ನಮ್ಮ ಮಲೆನಾಡಿನಲ್ಲಿ ಬೂಷ್ಟು ಖಂಡಿತ.

19ರ ಪಾನಾಕ್ಕೆ ಕೆಂಪು ಬಣ್ಣ ಬಳಿದು ಬಾಗಿಲ ಪಕ್ಕ ನೇತುಹಾಕಿದ್ದೇನೆ. ಅಂಕೋಲೆಯ ಅಣ್ಣ, ಈ ವಿಡಿಯೋ ನಿಮಗೆ ಕಂಡರೆ ಶಿರಸಿ ಕಡೆ ಬಂದಾಗ ತಿಳಿಸಿ. ಆಯಿ ನಿಮಗೆಂದೇ ಒಂದು ಡಬ್ಬಿ ತೊಡದೇವು ತೆಗೆದಿಟ್ಟಿದ್ದಾಳೆ.