ಸಂಪಿನ ಮುಚ್ಚಳ ತೆಗೆದಿದ್ದ ಹತ್ತು ನಿಮಿಷ

ನಮಸ್ಕಾರ. ಇವತ್ತು ನಮ್ಮ ಮನೆ ಸಂಪಿನಿಂದಲೇ ಮಾತು ಶುರು ಮಾಡ್ತೀನಿ.

ಹೋದ ಬೇಸಿಗೆಯಲ್ಲಿ ಒಂದು ಭಾನುವಾರ. ಮನೆ ತುಂಬ ನೆಂಟರು. ಕಾವೇರಿ ನೀರು ಬಂದಿರಲಿಲ್ಲ, ಟ್ಯಾಂಕರ್‌ಗೆ ಹೇಳಿದ್ದೆ. ನಮ್ಮ ಸಂಪ್ ಗೇಟಿನ ಒಳಗಡೆಯೇ ಇದೆ. ಮುಚ್ಚಳ ತೆಗೆದು ಪಕ್ಕಕ್ಕೆ ಸರಿಸಿದೆ, ಡ್ರೈವರ್ ಪೈಪ್ ಇಳಿಬಿಟ್ಟರು. ನಾನು ಅಲ್ಲೇ ನಿಂತಿದ್ದೆ. ದುಡ್ಡು ಕೊಡೋಕೆ ಅಂತ ಗೇಟಿನ ಕಡೆ ತಿರುಗಿದೆ. ಫೋನಲ್ಲಿ ಸ್ಕ್ಯಾನ್ ಮಾಡಿದೆ, ಹೋಗಲಿಲ್ಲ, ಇನ್ನೊಂದು ಸಲ ಮಾಡಿದೆ. ಅಷ್ಟೇ ಹೊತ್ತು. ತಿರುಗಿದರೆ ಪಕ್ಕದ ಮನೆ ಅಜ್ಜಿ ನನ್ನ ಮಗಳ ರಟ್ಟೆ ಹಿಡಿದು ಎತ್ಕೊಂಡು ನಿಂತಿದ್ದಾರೆ, ಅವರ ಕೈ ನಡುಗ್ತಾ ಇದೆ.

14 ತಿಂಗಳ ಮಗು. ನೀರು ಇಳಿಯುವಾಗ ಪೈಪ್ ಅದುರುತ್ತಲ್ಲ, ಆ ಅದುರೋ ಪೈಪನ್ನ ಎರಡೂ ಕೈಯಲ್ಲಿ ಹಿಡ್ಕೊಂಡು, ಒಳಗೆ ಬಗ್ಗಿ ನೋಡ್ತಾ ಇದ್ದಳಂತೆ. ನನಗೆ ಒಂದು ಚೂರೂ ಸದ್ದು ಕೇಳಿಸಿರಲಿಲ್ಲ.

ಅವತ್ತು ಸಂಜೆ ಎಲ್ಲರೂ ಬೈದದ್ದು ನನ್ನ ಹೆಂಡತಿಗೆ. ಅವಳು ಒಳಗೆ ಅಷ್ಟು ಜನಕ್ಕೆ ಚಪಾತಿ ಲಟ್ಟಿಸ್ತಾ ಇದ್ದಳು. ಸಂಪಿನಿಂದ ಮೂರು ಅಡಿ ದೂರದಲ್ಲಿದ್ದವನು ನಾನು. ಆದರೂ 'ಮಗು ಎಲ್ಲಿದೆ ಅಂತ ತಾಯಿಗೆ ಗ್ಯಾನ ಬೇಡ್ವಾ' ಅಂದರು. ಅವಳು ಅತ್ತಳು. ಆ ಮಾತು ನನಗೆ ಈಗಲೂ ಚುಚ್ಚುತ್ತೆ. ಈ ವಿಡಿಯೋ ಮಾಡೋಕೂ ಅದೇ ಕಾರಣ.

ಮಗು ನೀರಿಗೆ ಬಿತ್ತು ಅನ್ನೋ ಸುದ್ದಿ ಬಂದಾಗಲೆಲ್ಲ ನಾವು ಎರಡೇ ಮಾತು ಆಡ್ತೀವಿ. ಒಂದು, ಹಣೆಬರಹ. ಇನ್ನೊಂದು, ತಾಯಿ ನೋಡ್ಕೊಬೇಕಿತ್ತು. ಎರಡೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಐದು ವರ್ಷ ತುಂಬದ ಮಕ್ಕಳು. ಅಷ್ಟೂ ಮಕ್ಕಳ ತಾಯಂದಿರು ಬೇಜವಾಬ್ದಾರಿ ಅಂತ ಹೇಳೋಕಾಗುತ್ತಾ?

ಮುಳುಗೋ ಮಗು ಕಿರುಚಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಉಸಿರಿಗೇ ಜಾಗ ಇಲ್ಲ, ಕೂಗೋದೆಲ್ಲಿಂದ? ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ ಜಾಸ್ತಿ. ಬಚ್ಚಲಲ್ಲಿ ಅರ್ಧ ಬಕೆಟ್ ನೀರಿದ್ದರೆ, ಚೊಂಬು ತೆಗೆಯೋಕೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ, ವಾಪಸ್ ಎದ್ದೇಳೋ ಶಕ್ತಿ ಅದಕ್ಕಿರಲ್ಲ. ಅಡುಗೆಮನೆಯಲ್ಲಿರೋ ತಾಯಿಗೆ ಏನು ಕೇಳಿಸಬೇಕು? ಹಾಗಾಗಿ ಕಣ್ಣನ್ನ ಮಾತ್ರ ನಂಬ್ಕೊಂಡು ಕೂರೋಕಾಗಲ್ಲ. ಕಣ್ಣು ತಪ್ಪಿದಾಗ ತಡೆಯೋಕೆ ಇನ್ನೊಂದೇನಾದರೂ ಇರಲೇಬೇಕು.

ಈಗ ಬೆಂಗಳೂರಲ್ಲಿ ಯಾವ ಬಡಾವಣೆಗಾದರೂ ಹೋಗಿ, ಬೀದಿಗೆ ಒಂದಾದರೂ ಕಟ್ಟಡ ಏಳ್ತಾ ಇರುತ್ತೆ. ಸೈಟಲ್ಲಿ ಮೊದಲು ಕಟ್ಟೋದೇ ಸಂಪ್. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ನೆನೆಸೋಕೆ, ನೀರು ಬೇಕಲ್ಲ. ಅದರ ಬಾಯಿಗೆ ಒಂದು ಪ್ಲೈವುಡ್ ತುಂಡು, ಮೇಲೆ ಒಂದು ಇಟ್ಟಿಗೆ. ಎಷ್ಟೋ ಕಡೆ ಅದೂ ಇರಲ್ಲ. ಪಕ್ಕದಲ್ಲೇ ತಗಡಿನ ಶೆಡ್, ಅದರೊಳಗೆ ಯಾದಗಿರಿಯಿಂದಲೋ ರಾಯಚೂರಿಂದಲೋ ಬಂದ ಸಂಸಾರ. ಗಂಡ ಹೆಂಡತಿ ಇಬ್ಬರೂ ಮೇಲಿನ ಮಹಡಿಗೆ ಇಟ್ಟಿಗೆ ಹೊರ್ತಾ ಇರ್ತಾರೆ. ಎರಡು ವರ್ಷದ ಮಗುವನ್ನ ನೋಡ್ಕೊಳ್ತಾ ಇರೋದು ಅದರ ಐದು ವರ್ಷದ ಅಕ್ಕ. ಕಟ್ಟಡ ಕಾರ್ಮಿಕರಿಗೆ ಅಂತ 1996ರಲ್ಲಿ ಒಂದು ಕಾನೂನು ಬಂತು, 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ಕಡೆ ಮಕ್ಕಳಿಗೆ ಕೋಣೆ ಕೊಡಬೇಕು ಅಂತ ಅದರಲ್ಲಿತ್ತು. ನಮ್ಮ ಬೀದಿಯ ಸೈಟಲ್ಲಿ ಇರೋದೇ ನಾಲ್ಕು ಜನ ಹೆಂಗಸರು. ಅವರ ಮಕ್ಕಳಿಗೆ ಆ ಕಾನೂನು ಏನು ಮಾಡಿದ ಹಾಗಾಯ್ತು? ಮನೆ ಕಟ್ಟಿಸ್ತಾ ಇರೋರು ಯಾರಾದರೂ ಇದನ್ನ ಕೇಳ್ತಾ ಇದ್ದರೆ ದಯವಿಟ್ಟು ನಾಳೆ ಬೆಳಗ್ಗೆ ಸೈಟಿಗೆ ಹೋಗಿ ಸಂಪಿನ ಬಾಯಿ ನೋಡಿ. ಲಿಫ್ಟಿಗೆ ಅಂತ ತೋಡಿದ ಗುಂಡಿಯಲ್ಲಿ ಮಳೆ ನೀರು ನಿಂತಿದೆಯಾ ನೋಡಿ.

ಹಳ್ಳಿ ಕಡೆ ಕೃಷಿ ಹೊಂಡ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ಒಣಭೂಮಿಯಲ್ಲಿ ಎಲ್ಲಿ ನೋಡಿದರೂ ಹೊಂಡ. ರೈತರಿಗೆ ಅದು ಆಸರೆ, ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಒಳಗೆ ಹಾಸಿರೋ ಪ್ಲಾಸ್ಟಿಕ್ ಶೀಟ್ ನೋಡಿದ್ದೀರಾ? ಇಳಿಜಾರು, ಅದರ ಮೇಲೆ ಪಾಚಿ. ದೊಡ್ಡವರು ಇಳಿದರೂ ಕಾಲು ನಿಲ್ಲಲ್ಲ, ಕೈಗೆ ಹಿಡಿತ ಸಿಗಲ್ಲ. ಮಗು ಬಿತ್ತು ಅಂತ ಅಣ್ಣ ಹಾರ್ತಾನೆ, ಅವನ ಹಿಂದೆ ಅಪ್ಪ. ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ಓದ್ತೀವಲ್ಲ, ಅದು ಹೀಗೇ ಆಗೋದು. ಸುತ್ತ ತಂತಿ ಬೇಲಿ ಹಾಕೋಕೆ ಅದೇ ಯೋಜನೆಯಲ್ಲಿ ಸಹಾಯಧನ ಇದೆ, ಕೇಳಿ ತಗೊಳ್ಳಿ. ಅದು ಬರೋವರೆಗೆ ಗಂಟು ಹಾಕಿದ ಒಂದು ದಪ್ಪ ಹಗ್ಗ ಗೂಟಕ್ಕೆ ಕಟ್ಟಿ ನೀರಿನ ತನಕ ಇಳಿಬಿಡಿ. ಹಳೇ ಟ್ಯೂಬಿಗೆ ಗಾಳಿ ತುಂಬಿ ದಂಡೆ ಮೇಲಿಡಿ.

ಇನ್ನು ದುಡಿಯೋ ಹೊತ್ತಲ್ಲಿ ಮಗುವನ್ನ ನೋಡ್ಕೊಳ್ಳೋರು ಯಾರು? ಬಾಂಗ್ಲಾದೇಶದಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿ ಮನೆ ಪಕ್ಕದಲ್ಲೇ ಕೆರೆ ಕಟ್ಟೆ. ಪುಟ್ಟ ಮಕ್ಕಳು ಹೆಚ್ಚಾಗಿ ಮುಳುಗೋದು ಬೆಳಗ್ಗೆ 9ರಿಂದ ಮಧ್ಯಾಹ್ನ 1 ಗಂಟೆ ಒಳಗೆ, ಅಂದರೆ ತಾಯಂದಿರಿಗೆ ಮೈತುಂಬ ಕೆಲಸ ಇರೋ ಹೊತ್ತಲ್ಲಿ, ಅಂತ ಗೊತ್ತಾಯ್ತು. ಆ ಹೊತ್ತಿಗೆ ಊರಿನ ಒಬ್ಬ ಹೆಣ್ಣುಮಗಳ ಹತ್ತಿರ ಮಕ್ಕಳನ್ನ ಬಿಡೋ ವ್ಯವಸ್ಥೆ ಮಾಡಿದರು. ಅದರ ಹೆಸರು ಆಂಚಲ್, ನಮ್ಮ ಮಾತಲ್ಲಿ ಸೆರಗು. ಅಲ್ಲಿಗೆ ಹೋದ ಮಕ್ಕಳಲ್ಲಿ ಮುಳುಗಿ ಸಾಯೋದು 80%ಕ್ಕಿಂತ ಜಾಸ್ತಿ ಇಳೀತು.

ನಮ್ಮಲ್ಲೂ ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ಶುರು ಮಾಡಿದ ಕೂಸಿನ ಮನೆ ಇದೆ. 2023ರ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಅಂತ ಘೋಷಣೆ ಆಯ್ತು. ನನ್ನ ಪ್ರಕಾರ ಅದು ಕೊಯ್ಲಿನ ದಿನಗಳಲ್ಲೂ ತೆಗೆದಿರಬೇಕು, ಸ್ವಂತ ಹೊಲದಲ್ಲಿ ದುಡಿಯೋರ ಮಕ್ಕಳನ್ನೂ ಸೇರಿಸ್ಕೊಬೇಕು. ನಿಮ್ಮ ಗ್ರಾಮಸಭೆಯಲ್ಲಿ ಇದನ್ನ ಎದ್ದು ನಿಂತು ಕೇಳಿ.

ಇನ್ನೊಂದು ಮಾತು. ನೀರಿಂದ ತೆಗೆದ ದೇಹವನ್ನ ಉಪ್ಪಿನಲ್ಲಿಟ್ಟರೆ ಜೀವ ಬರುತ್ತೆ ಅನ್ನೋ ವಾಟ್ಸಾಪ್ ಮೆಸೇಜ್ ನಂಬಿ, 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಗುವನ್ನ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. ಆ ಅಪ್ಪ ಅಮ್ಮನ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ಆ ಮೆಸೇಜ್ ಸುಳ್ಳು, ಬಂದರೆ ಅಳಿಸಿ. ಮಗುವನ್ನ ತಲೆಕೆಳಗೆ ಹಿಡಿಯಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಾಡ್ತಾ ಇಲ್ಲ ಅಂದರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ, ಮತ್ತೆ ಉಸಿರು. ಆ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನ ಕೈಯಾರೆ ಕಲಿಯಬೇಕು, ಒಂದು ದಿನ ಬಿಡುವು ಮಾಡ್ಕೊಳ್ಳಿ.

ಆ ಭಾನುವಾರ ಆದ ಮೇಲೆ ವೆಲ್ಡಿಂಗ್ ಅಂಗಡಿಯವರನ್ನ ಕರೆಸಿದೆ. ಮುಚ್ಚಳದ ಕೆಳಗೆ, ಸಂಪಿನ ಬಾಯೊಳಗೇ ಒಂದು ಕಬ್ಬಿಣದ ಜಾಲರಿ ಕೂರಿಸಿ, ಬೀಗ ಹಾಕೋ ಹಾಗಿರಲಿ ಅಂದೆ. ಸರಳಿಂದ ಸರಳಿಗೆ ಎಷ್ಟು ಗ್ಯಾಪ್ ಬಿಡ್ಲಿ ಸಾರ್ ಅಂತ ಕೇಳಿದರು. ಟ್ಯಾಂಕರ್ ಪೈಪ್ ತೂರಬೇಕು, ಅಷ್ಟೇ, ಅಂದೆ. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದ ನೋಡ್ತಾ ಇದ್ದರು. ಅದು ಮುಗಿದ ಮೇಲೆ, ನಮ್ಮನೆದಕ್ಕೂ ಅಳತೆ ತಗೋಳಪ್ಪ ಅಂತ ಅವರನ್ನ ಒಳಗೆ ಕರ್ಕೊಂಡು ಹೋದರು.